ನಾಲಿಗೆಯ ಕಟ್ಟು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಸಭಾಂಗಣದಲ್ಲಿ ಆರಂಭವಾದ ಇಂಗ್ಲಿಷ್ ಸಂಭಾಷಣೆಯ ತರಗತಿಯ ವಿದ್ಯಾರ್ಥಿಗಳನ್ನೂ ಅವರ ತಂದೆತಾಯಿಗಳನ್ನೂ ಉದ್ದೇಶಿಸಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಈ ವರ್ಷದಲ್ಲಿ ನಾವು ಕೈಗೊಂಡ ಕಾರ್ಯಗಳ ಪಟ್ಟಿ ಸಣ್ಣದೇನಲ್ಲ. ಗೋಪುರಕ್ಕೆ ಸುಣ್ಣಬಣ್ಣವಾಯಿತು; ಸಮಾಧಿಭೂಮಿಯ ಸುತ್ತುಗೋಡೆ ಎದ್ದಿತು; ಗಾನವೃಂದಕ್ಕೆ ಹೊಸ ವಾದ್ಯಗಳು ಬಂದವು. ಇವುಗಳ ವಿಷಯದಲ್ಲಿ ಯಾರೂ ಪ್ರಶ್ನೆಯೆತ್ತಲಿಲ್ಲ. ಆದರೆ ಪ್ರತಿ ಭಾನುವಾರ ಸಂಜೆ ಇದೇ ಸಭಾಂಗಣದಲ್ಲಿ ಇಂಗ್ಲಿಷ್ ಸಂಭಾಷಣೆಯ ತರಗತಿಯೊಂದನ್ನು ನಡೆಸತಕ್ಕದ್ದೆಂದು ಪಾಲನಾ ಸಮಿತಿ ತೀರ್ಮಾನಿಸಿದಾಗ ಮಾತ್ರ ಅನೇಕರು ಹುಬ್ಬೇರಿಸಿದರು. ದೇವಾಲಯಕ್ಕೂ ಇಂಗ್ಲಿಷಿಗೂ ಏನು ಸಂಬಂಧವೆಂದು ಕೆಲವರು ಕೇಳಿದರು. ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿತ ಮಕ್ಕಳಿಗೆ ಇನ್ನೊಂದು ತರಗತಿಯೇಕೆಂದು ಮತ್ತೆ ಕೆಲವರು ಕೇಳಿದರು. ಎರಡನೆಯ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ದೊರೆತರೆ ಮೊದಲನೆಯದಕ್ಕೂ ದೊರೆಯುತ್ತದೆಂಬುದು ನಮ್ಮ ನಂಬಿಕೆ.

ನಮ್ಮ ಗುರುನಿವಾಸದ ಬಾಗಿಲಿಗೆ ಬರುವ ಯುವಜನರಲ್ಲಿ ಬಹುಮಂದಿ ನಡತೆಯ ಪ್ರಮಾಣಪತ್ರಕ್ಕಾಗಿ ಬರುವವರು. ಪದವಿ ಮುಗಿಸಿರುತ್ತಾರೆ, ಅಂಕಪಟ್ಟಿಯೂ ಚೆನ್ನಾಗಿರುತ್ತದೆ. ಪತ್ರವನ್ನು ಪಡೆದು, ಆಶೀರ್ವಾದವನ್ನೂ ಬೇಡಿ, ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತಾರೆ. ವಾರ ಕಳೆಯುವುದರೊಳಗೆ ಹಿಂದಿರುಗುತ್ತಾರೆ. ಏನಾಯಿತೆಂದು ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ: "ಬರವಣಿಗೆಯ ಪರೀಕ್ಷೆ ಆಯಿತು ಸ್ವಾಮಿ, ಸಂದರ್ಶನದಲ್ಲಿ ಬಾಯಿ ಬರಲಿಲ್ಲ." ಬಾಯಿ ಬರಲಿಲ್ಲ ಎಂಬ ಈ ಮಾತನ್ನು ಗಮನಿಸಿರಿ. ಇಂಗ್ಲಿಷ್ ಬರಲಿಲ್ಲ ಎಂದು ಅವರು ಹೇಳುವುದಿಲ್ಲ. ವಿದ್ಯೆ ತಲೆಯಲ್ಲಿದೆ, ಬಾಯಿಗೆ ಇಳಿಯಲೊಲ್ಲದು.

ಹಿಂದೆ ಈ ಬಾಯಿಯ ಅಗತ್ಯ ಇಷ್ಟೊಂದಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕೂಸಾದ ಕಬ್ಬಿಣದ ಕಾರ್ಖಾನೆ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆಯನ್ನಾರಂಭಿಸಿತು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ತಂದೆ ಕುಲುಮೆಯ ಮುಂದೆ ನಿಂತಿದ್ದ ಮನೆಯ ಮಗನೂ ಒಂದು ದಿನ ಅದೇ ದ್ವಾರದೊಳಗೆ ಕಾಲಿಡುತ್ತಿದ್ದ. ಅವನ ಕೈಯ ಕಸುಬೇ ಅವನ ಪರವಾಗಿ ಮಾತನಾಡುತ್ತಿತ್ತು. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಕೆಲಸ ಭಾಗಶಃ ಪುನರಾರಂಭವಾಯಿತಾದರೂ ಹಳೆಯ ಭರವಸೆ ಮರಳಲಿಲ್ಲ. ಆ ಮನೆಗಳ ಮಕ್ಕಳು ಈಗ ಅಪರಿಚಿತ ಊರಿನಲ್ಲಿ, ಅಪರಿಚಿತರ ಮೇಜಿನ ಮುಂದೆ ಕುಳಿತು ತಮ್ಮನ್ನು ತಾವೇ ಪರಿಚಯಿಸಿಕೊಳ್ಳಬೇಕಾಗಿದೆ. ಇಲ್ಲಿಂದ 20 ಕಿಲೋಮೀಟರಿನಷ್ಟು ದೂರದ ಭದ್ರಾವತಿಯಿಂದ ಬಸ್ಸು ಹಿಡಿದು ಪ್ರತಿ ಭಾನುವಾರ ಈ ತರಗತಿಗೆ ಬರುತ್ತಿರುವವರ ಕಾರಣ ಇದೇ.

ಇನ್ನು ಆ ಎರಡನೆಯ ಪ್ರಶ್ನೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007–08ನೆಯ ಸಾಲಿನಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಆ ವರ್ಷ ಶಾಲೆಗೆ ಸೇರಿದ ಮಕ್ಕಳು 2017ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದರು. ಹತ್ತು ವರ್ಷಗಳ ಇಂಗ್ಲಿಷ್! ಆದರೂ ಅವರಲ್ಲಿ ಅನೇಕರು ರೈಲು ನಿಲ್ದಾಣದಲ್ಲಿ ಒಬ್ಬ ಪರಸ್ಥಳದವನು ದಾರಿ ಕೇಳಿದರೆ ಪಕ್ಕದವರ ಮುಖ ನೋಡುತ್ತಾರೆ. ಏಕೆ? ಎಸ್.ಎಸ್.ಎಲ್.ಸಿ.ಯ ಸಾರ್ವಜನಿಕ ಪರೀಕ್ಷೆ ಬರವಣಿಗೆಯ ಪರೀಕ್ಷೆ. ಪರೀಕ್ಷೆಯಲ್ಲಿ ಕೇಳದಿರುವುದನ್ನು ಕಲಿಸಲು ಉಪಾಧ್ಯಾಯರಿಗೆ ಬಿಡುವಿಲ್ಲ. ಕಲಿಯಲು ಮಕ್ಕಳಿಗೆ ಮನಸ್ಸಿಲ್ಲ. ಉಪಾಧ್ಯಾಯರನ್ನು ದೂರಲು ನಾವು ಸಿದ್ಧರಿಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ನಲವತ್ತೈದು ನಿಮಿಷದ ಪಾಠವಿದ್ದರೆ, ಉಪಾಧ್ಯಾಯರು ಬಾಯಿಯನ್ನೇ ತೆರೆಯದೆ ಎಲ್ಲ ಸಮಯವನ್ನೂ ಹಂಚಿಕೊಟ್ಟರೂ ಒಂದು ಮಗುವಿನ ಪಾಲಿಗೆ ಒಂದು ನಿಮಿಷವೂ ಬರುವುದಿಲ್ಲ. ಈಜು ಕಲಿಸುವವನು ದಡದಲ್ಲಿ ನಿಂತು ನೀರಿನ ಗುಣಗಳನ್ನು ಹತ್ತು ವರ್ಷ ವಿವರಿಸಿದರೆ ತುಂಗೆಯನ್ನು ದಾಟುವವರು ಯಾರು?

ಈ ಸಮಸ್ಯೆಯನ್ನು ಮೊದಲು ಕಂಡವರು ನಾವಲ್ಲ. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಉಪಾಧ್ಯಾಯರ ತರಬೇತಿಗಾಗಿ ಬೆಂಗಳೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಅಂದಿನ ದಿನಗಳಲ್ಲಿ ವಾಕ್ಯರಚನೆಗಳನ್ನು ಒಂದೊಂದಾಗಿ ಜೋಡಿಸಿ, ಪುನಃಪುನಃ ಹೇಳಿಸಿ ಕಲಿಸುವ ಪದ್ಧತಿಯೇ ಎಲ್ಲೆಲ್ಲೂ ಪ್ರಚಾರದಲ್ಲಿತ್ತು. ಮಕ್ಕಳು ತರಗತಿಯಲ್ಲಿ ಗಿಳಿಗಳಂತೆ ಒಪ್ಪಿಸುತ್ತಿದ್ದರು. ಹೊರಗೆ ಬಂದೊಡನೆ ಮೂಕರಾಗುತ್ತಿದ್ದರು. ಇದನ್ನು ಕಂಡು ಅತೃಪ್ತರಾದ ಎನ್. ಎಸ್. ಪ್ರಭು ಎಂಬ ವಿದ್ವಾಂಸರು (ಹೆಸರನ್ನು ಕೇಳಿ ದೇವಾಲಯದಲ್ಲಿ ಕುಳಿತವರು ಗಲಿಬಿಲಿಗೊಳ್ಳಬಾರದು!) ತಮ್ಮ ಸಂಗಡಿಗರೊಡನೆ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಬೆಂಗಳೂರಿನಲ್ಲಿಯೂ ಮದ್ರಾಸಿನಲ್ಲಿಯೂ ನಡೆದ ಆ ಪ್ರಯೋಗ ಲೋಕದ ಭಾಷಾಶಿಕ್ಷಕರ ನಡುವೆ ಬೆಂಗಳೂರು ಯೋಜನೆ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನಮ್ಮ ರಾಜಧಾನಿಯ ಹೆಸರು ಗಣಕಯಂತ್ರಗಳಿಗಿಂತ ಮೊದಲೇ ಹೀಗೊಂದು ಸದ್ವಿಷಯಕ್ಕಾಗಿ ವಿದೇಶದ ಗ್ರಂಥಗಳನ್ನು ಸೇರಿತ್ತೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ಅವರು ಮಾಡಿದ್ದಾದರೂ ಏನು? ವ್ಯಾಕರಣದ ಪಾಠವನ್ನು ಕೈಬಿಟ್ಟು, ಮಕ್ಕಳ ಮುಂದೆ ಒಂದು ಕೆಲಸವನ್ನಿಟ್ಟರು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ತಿಂಗಳ ಪಂಚಾಂಗ, ಅಂಗಡಿಯ ಲೆಕ್ಕ ಇಂಥವು. ಈ ರೈಲು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ? ಈ ರಸ್ತೆ ಮುಚ್ಚಿದ್ದರೆ ಯಾವ ದಾರಿಯಾಗಿ ಹೋಗಬೇಕು? ಉಪಾಧ್ಯಾಯರು ಮೊದಲು ಇಡೀ ತರಗತಿಯೊಡನೆ ಇಂಗ್ಲಿಷಿನಲ್ಲಿಯೇ ಚರ್ಚಿಸುತ್ತ ಅಂಥದೊಂದು ಲೆಕ್ಕವನ್ನು ಬಿಡಿಸುತ್ತಿದ್ದರು. ಆಮೇಲೆ ಅದೇ ಬಗೆಯ ಇನ್ನೊಂದನ್ನು ಮಗು ತಾನೇ ಬಿಡಿಸಬೇಕಾಗಿತ್ತು. ಮಗುವಿನ ಮನಸ್ಸೆಲ್ಲ ರೈಲಿನ ಮೇಲೆ. ಭಾಷೆ ಅದರ ಅರಿವಿಲ್ಲದಂತೆಯೇ ಒಳಗೆ ಇಳಿಯುತ್ತಿತ್ತು. ಮಗು ಒಡಕು ಮಾತಿನಲ್ಲಿ ಸರಿಯಾದ ಉತ್ತರವನ್ನು ಕೊಟ್ಟರೆ ಉಪಾಧ್ಯಾಯರು ಆ ಉತ್ತರವನ್ನು ಮೆಚ್ಚಿ, ಅದನ್ನೇ ನೇರ್ಪಾದ ಇಂಗ್ಲಿಷಿನಲ್ಲಿ ತಾವೊಮ್ಮೆ ಉಚ್ಚರಿಸಿ ಮುಂದೆ ಸಾಗುತ್ತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಕೊನೆಯಲ್ಲಿ ಈ ಮಕ್ಕಳನ್ನೂ ಹಳೆಯ ಪದ್ಧತಿಯಲ್ಲಿ ಕಲಿತವರನ್ನೂ ಹೋಲಿಸಿ ನೋಡಿದಾಗ, ಎರಡು ಪಂಗಡಗಳೂ ತಂತಮ್ಮ ಬಗೆಯ ಪರೀಕ್ಷೆಯಲ್ಲಿ ಮುಂದಿದ್ದವಂತೆ. ಬಿತ್ತಿದ್ದು ಬೆಳೆಯಿತು, ಅಷ್ಟೇ. ಪ್ರಭುಗಳು ತಮ್ಮ ಅನುಭವವನ್ನೆಲ್ಲ 1987ರಲ್ಲಿ ಒಂದು ಪುಸ್ತಕವಾಗಿ ಪ್ರಕಟಿಸಿದರು.

ನಮ್ಮ ತರಗತಿ ಅವರ ಹಾದಿಯನ್ನೇ ಹಿಡಿದಿದೆಯಾದರೂ ಒಂದೆಡೆ ಕವಲೊಡೆಯುತ್ತದೆ. ಮಕ್ಕಳನ್ನು ಗುಂಪುಗುಂಪಾಗಿ ಕೂರಿಸಿ ತಮ್ಮತಮ್ಮಲ್ಲಿ ಮಾತನಾಡಿಸುವುದನ್ನು ಪ್ರಭುಗಳು ಒಪ್ಪಲಿಲ್ಲ. ಒಬ್ಬರ ತಪ್ಪು ಮತ್ತೊಬ್ಬರಿಗೆ ಅಂಟೀತೆಂಬುದು ಅವರ ಅಂಜಿಕೆ. ಭಾಷೆಯನ್ನು ಆಗತಾನೇ ಕೇಳತೊಡಗಿದ ಚಿಕ್ಕವರ ವಿಷಯದಲ್ಲಿ ಅದು ಸರಿಯೇ. ನಮ್ಮಲ್ಲಿ ಬರುವವರೋ ಹತ್ತು ವರ್ಷ ವ್ಯಾಕರಣವನ್ನು ಅರೆದು ಕುಡಿದವರು. ಅವರಿಗೆ ಬೇಕಾದದ್ದು ಜೊತೆಗಾರ. ಆದಕಾರಣ ನಾವು ಇಬ್ಬಿಬ್ಬರನ್ನು ಎದುರುಬದುರಾಗಿ ಕೂರಿಸುತ್ತೇವೆ. ಒಬ್ಬಳ ಕೈಯಲ್ಲಿ ಶಿವಮೊಗ್ಗದ ನಕ್ಷೆ. ಇನ್ನೊಬ್ಬಳ ಕೈಯಲ್ಲಿ ಖಾಲಿ ಹಾಳೆ. ಬಸ್ಸು ನಿಲ್ದಾಣದಿಂದ ಅಮೀರ್ ಅಹಮದ್ ವೃತ್ತವನ್ನು ಹಾದು ಮೆಗ್ಗಾನ್ ಆಸ್ಪತ್ರೆಗೆ ಹೋಗುವ ದಾರಿಯನ್ನು ಒಬ್ಬಳು ಹೇಳಬೇಕು, ಮತ್ತೊಬ್ಬಳು ಕೇಳಿಕೇಳಿ ಬರೆದುಕೊಳ್ಳಬೇಕು. ಸನ್ನೆ ಮಾಡುವಂತಿಲ್ಲ. ದಾರಿ ತಪ್ಪಿದರೆ ಇಬ್ಬರಿಗೂ ತಕ್ಷಣ ತಿಳಿಯುತ್ತದೆ; ಕೆಂಪು ಶಾಯಿಯ ಅಗತ್ಯವೇ ಇಲ್ಲ. ಹತ್ತೇ ನಿಮಿಷಗಳಲ್ಲಿ ಇಡೀ ಸಭಾಂಗಣ ಸಂತೆಯಂತೆ ಗದ್ದಲವಾಗುತ್ತದೆ. ಗದ್ದಲವಾಗದಿದ್ದರೆ ಆ ದಿನದ ತರಗತಿ ಕೆಟ್ಟಿತೆಂದು ತಿಳಿಯತಕ್ಕದ್ದು.

ಸಂಭಾಷಣೆ ಎಂದರೆ ಕಂಠಪಾಠವಲ್ಲವೆಂಬುದನ್ನು ಯುವಜನರು ಮನಗಾಣಬೇಕು. ಸಂದರ್ಶನದ ಮೊದಲ ಪ್ರಶ್ನೆ ತಮ್ಮನ್ನು ಕುರಿತು ಹೇಳಿಕೊಳ್ಳುವಂಥದು; ಅದರ ಉತ್ತರವನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ, ನೀರು ಕುಡಿದಂತೆ ಒಪ್ಪಿಸುತ್ತಾರೆ. ಎದುರಿನವರು ನಸುನಕ್ಕು, ನಿಮ್ಮ ಊರಿನಲ್ಲಿ ಈ ವರ್ಷ ಮಳೆ ಹೇಗೆ ಎಂದು ಕೇಳಿದರೋ, ಮುಗಿಯಿತು! ಆಗುಂಬೆಯ ನೆರೆಯಲ್ಲಿ ಹುಟ್ಟಿ ಬೆಳೆದವರಿಗೆ ಮಳೆಯ ಬಗ್ಗೆ ಹೇಳಲು ಮಾತಿಲ್ಲವೇ? ಇದೆ. ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ, ಅಷ್ಟೇ. ನಮ್ಮ ಅಜ್ಜಿಯಂದಿರು ಕಥೆ ಹೇಳುವಾಗ ಮಗು ಹೂಂಗುಟ್ಟದಿದ್ದರೆ ಕಥೆಯನ್ನೇ ನಿಲ್ಲಿಸಿಬಿಡುತ್ತಿದ್ದರು. ಆ ಹೂಂಕಾರವೇ ಸಂಭಾಷಣೆಯ ಮೊದಲ ಪಾಠ. ಇಂಗ್ಲಿಷಿಗೂ ಅದರದೇ ಆದ ಹೂಂಗಳಿವೆ: ಐ ಸೀ, ರಿಯಲಿ, ದಟ್ಸ್ ರೈಟ್. ಅರ್ಥವಾಗದಿದ್ದಾಗ ಪಾರ್ಡನ್ ಎಂದು ಕೇಳುವ ಹಕ್ಕು ಯಾರಿಗೂ ಇದೆ. ಪಾಠಶಾಲೆಯ ಪುಸ್ತಕದಲ್ಲಿ ಇವಕ್ಕೆ ಅಂಕಗಳಿಲ್ಲ. ಮಾತು ಮಾತ್ರ ಇವುಗಳ ಮೇಲೆಯೇ ನಿಂತಿದೆ.

ಇನ್ನೆರಡು ಸೂಕ್ಷ್ಮಗಳನ್ನು ಹೇಳಬೇಕು. ಕನ್ನಡದಲ್ಲಿ "ನೀರು ಕೊಡಿ" ಎಂದಾಗ ಆ ಕೊನೆಯ ಇಕಾರದಲ್ಲಿಯೇ ಗೌರವ ಅಡಗಿದೆ. ಇಂಗ್ಲಿಷಿನ ಗಿವ್ ಎಂಬ ಶಬ್ದದಲ್ಲಿ ಅಂಥ ಸೌಕರ್ಯವಿಲ್ಲ. ಆದ್ದರಿಂದಲೇ ಮಲೆನಾಡಿನ ಅತ್ಯಂತ ವಿನಯಶೀಲಳಾದ ಹುಡುಗಿ ಕೂಡ ಗಿವ್ ಮಿ ವಾಟರ್ ಎಂದೊಡನೆ ದರ್ಪದವಳೆನಿಸಿಕೊಳ್ಳುತ್ತಾಳೆ. ಅಲ್ಲಿ ವಿನಯವನ್ನು ಪ್ರಶ್ನೆಯ ರೂಪದಲ್ಲಿ ತೋರಿಸಬೇಕು: ಕುಡ್ ಯು ಗಿವ್ ಮಿ. ನಮ್ಮವರೂ "ಸ್ವಲ್ಪ ನೀರು ಕೊಡುತ್ತೀರಾ" ಎನ್ನುವುದಿಲ್ಲವೇ? ಅದೇ ಇದು. ಮತ್ತೊಂದು, ನಿಷೇಧದ ಪ್ರಶ್ನೆಗೆ ಕೊಡುವ ಉತ್ತರ. "ನಿನ್ನೆ ನೀವು ಬರಲಿಲ್ಲವೇ?" ಎಂದರೆ ಕನ್ನಡಿಗ "ಹೌದು, ಬರಲಿಲ್ಲ" ಎನ್ನುತ್ತಾನೆ. ಕೇಳಿದವರ ಮಾತನ್ನು ಒಪ್ಪುವುದು ನಮ್ಮ ರೀತಿ. ಇಂಗ್ಲಿಷಿನಲ್ಲಿ ಬರದಿದ್ದವನು ನೋ ಎನ್ನಬೇಕು. ಯೆಸ್ ಎಂದಷ್ಟೇ ಹೇಳಿ ಸುಮ್ಮನಾದರೆ ಅವನು ಬಂದಿದ್ದನೆಂದೇ ಅರ್ಥವಾಗುತ್ತದೆ. ಎಷ್ಟು ಸಂದರ್ಶನಗಳಲ್ಲಿ ಸತ್ಯವಂತರು ಈ ಒಂದು ಅಕ್ಷರದಿಂದ ಸುಳ್ಳುಗಾರರೆನಿಸಿಕೊಂಡಿದ್ದಾರೋ ದೇವರೇ ಬಲ್ಲರು!

ಈಗ ಎಲ್ಲಕ್ಕಿಂತ ಕಠಿಣವಾದ ವಿಷಯಕ್ಕೆ ಬರೋಣ. ಅದು ನಾಚಿಕೆ. ನಮ್ಮ ಧರ್ಮಕೇಂದ್ರದಲ್ಲಿಯೇ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಒಂದು ಕಡೆ, ಕನ್ನಡ ಮಾಧ್ಯಮದಲ್ಲಿ ಓದಿದವರು ಒಂದು ಕಡೆ ಕೂರುವುದನ್ನು ನಾವು ಯುವಜನರ ಸಭೆಗಳಲ್ಲಿ ಬಹುಕಾಲದಿಂದ ನೋಡುತ್ತ ಬಂದಿದ್ದೇವೆ. ಒಬ್ಬಳು ಎದ್ದು ಇಂಗ್ಲಿಷಿನಲ್ಲಿ ಎರಡು ಮಾತಾಡಲು ತೊಡಗಿ ಸ್ಕೂಲ್ ಎಂಬುದನ್ನು ಇಸ್ಕೂಲ್ ಎಂದಳೆಂದರೆ ಮುಂದಿನ ಸಾಲಿನಲ್ಲಿ ಕಿಸಕ್ಕನೆ ನಗೆ. ಆಕೆ ಕುಳಿತುಬಿಡುತ್ತಾಳೆ, ಮತ್ತೆ ವರ್ಷಗಟ್ಟಲೆ ಏಳುವುದಿಲ್ಲ. ಒಂದು ನಗೆ ಹತ್ತು ವರ್ಷದ ಪಾಠವನ್ನು ಕೊಲ್ಲಬಲ್ಲದು. ಒಂದೇ ಬಲಿಪೀಠದ ಮುಂದೆ ಮಂಡಿಯೂರುವವರ ನಡುವೆ ಇದು ಇರಕೂಡದು. ದೇವಾಲಯಕ್ಕೂ ಇಂಗ್ಲಿಷಿಗೂ ಏನು ಸಂಬಂಧವೆಂದು ಕೇಳಿದವರಿಗೆ ನಮ್ಮ ಉತ್ತರ ಇಲ್ಲಿದೆ. ಈ ತರಗತಿಯ ಏಕಮಾತ್ರ ಕಟ್ಟಪ್ಪಣೆ ಏನೆಂದರೆ, ಇನ್ನೊಬ್ಬರ ಉಚ್ಚಾರಣೆಗೆ ನಕ್ಕವರು ಅಂದಿನ ಮಟ್ಟಿಗೆ ಹೊರಗೆ ನಿಲ್ಲತಕ್ಕದ್ದು.

ಉಚ್ಚಾರಣೆಯ ಬಗೆಗೆ ಇಷ್ಟೊಂದು ಭಯವೇಕೆ? ನಮ್ಮ ಜಿಲ್ಲಾಸ್ಪತ್ರೆಯ ಹೆಸರಿನಲ್ಲಿರುವ ಮ್ಯಾಕ್‌ಗ್ಯಾನ್ ಎಂಬ ಪರದೇಶದ ಹೆಸರನ್ನು ಶಿವಮೊಗ್ಗೆಯ ಜನ ಮೆಗ್ಗಾನ್ ಎಂದು ಮಾಡಿಕೊಂಡಿಲ್ಲವೇ? ಅದಕ್ಕಾಗಿ ಯಾವ ರೋಗಿಯೂ ನಾಚಿದ್ದನ್ನು ನಾವು ಕಾಣೆವು. ಅವರು ತಮ್ಮ ನಾಲಿಗೆಗೆ ತಕ್ಕಂತೆ ನಮ್ಮ ಊರನ್ನು ಶಿಮೋಗ ಎಂದರು. 2014ರ ನವೆಂಬರ್ 1ರಿಂದ ಅವರ ಲಿಪಿಯೂ ಶಿವಮೊಗ್ಗ ಎಂದೇ ಬರೆಯಬೇಕಾಯಿತು. ಶುಭಸಂದೇಶದಲ್ಲಿ ಸಂತ ಪೇತ್ರರ ಮಾತಿನ ಧಾಟಿಯಿಂದಲೇ ಅವರು ಗಲಿಲೇಯದವರೆಂದು ಅಂಗಳದಲ್ಲಿದ್ದವರು ಗುರುತಿಸಿದರಷ್ಟೆ. ಆ ಧಾಟಿಯಿಂದಲೇ ಅವರು ಮುಂದೆ ಲೋಕವನ್ನುದ್ದೇಶಿಸಿ ಮಾತನಾಡಿದರು. ಕೇಳುವವರಿಗೆ ಮಾತು ಸ್ಪಷ್ಟವಾಗಿ ತಿಳಿಯಬೇಕು, ಅಷ್ಟು ಸಾಕು. ದೊರೆಗಳಂತೆ ಮೂಗಿನಲ್ಲಿ ನುಡಿಯುವ ಪ್ರಯತ್ನ ವ್ಯರ್ಥ, ಕೇಳುವುದಕ್ಕೂ ಹಿತವಲ್ಲ.

ಇನ್ನು ನಮ್ಮವರಿಗೆ ಪರಭಾಷೆ ಬಾರದೆಂಬ ಮಾತನ್ನು ಭದ್ರಾವತಿಯವರ ಮುಂದೆ ಯಾರೂ ಆಡಬಾರದು. ತಮಿಳರು, ತೆಲುಗರು, ಮಲೆಯಾಳಿಗಳು, ಕೊಂಕಣಿಯವರು, ಉರ್ದು ಮಾತಿನವರು, ಎಲ್ಲರೂ ಆ ಕಾರ್ಖಾನೆಯ ವಸತಿಗಳಲ್ಲಿ ಗೋಡೆಗೆ ಗೋಡೆ ಹಚ್ಚಿ ಬಾಳಿದರು. ಅಲ್ಲಿಯ ತಾಯಂದಿರಲ್ಲಿ ಶಾಲೆಯ ಮೆಟ್ಟಿಲನ್ನೇ ಹತ್ತದವರು ಮೂರು ನಾಲ್ಕು ಭಾಷೆಗಳಲ್ಲಿ ಲೀಲಾಜಾಲವಾಗಿ ವ್ಯವಹರಿಸಿದ್ದಾರೆ, ಜಗಳವನ್ನೂ ಆಡಿದ್ದಾರೆ. ಅವರಿಗೆ ಪಾಠ ಹೇಳಿದವರು ಯಾರು? ನೀರಿನ ನಲ್ಲಿ, ಪಡಿತರದ ಸಾಲು, ನೆರೆಮನೆಯ ಬಾಣಂತನ. ತಪ್ಪಿದರೆ ನೆರೆಯವಳು ತಿದ್ದುತ್ತಿದ್ದಳು, ನಗುತ್ತಲೂ ಇದ್ದಳು. ಆದರೆ ಆ ನಗೆಯಲ್ಲಿ ಮೇಲುಕೀಳಿರಲಿಲ್ಲ. ಇಂಗ್ಲಿಷೊಂದನ್ನು ಮಾತ್ರ ನಾವು ನಲ್ಲಿಯ ಬಳಿಯಿಂದ ಎತ್ತಿ ಪೀಠದ ಮೇಲೆ ಕೂರಿಸಿ, ಕೈಮುಗಿದು, ದೂರ ನಿಂತೆವು.

ನಮ್ಮಲ್ಲಿ ಕೊಂಕಣಿ ಮಾತೃಭಾಷೆಯವರು ಅನೇಕರಿರುವುದರಿಂದ ಇನ್ನೊಂದು ನಿದರ್ಶನವನ್ನು ಹೇಳಬಯಸುತ್ತೇವೆ. 1579ರಲ್ಲಿ ಗೋವೆಗೆ ಬಂದಿಳಿದ ಯೇಸುಸಭೆಯ ಗುರು ತೋಮಸ್ ಸ್ಟೀಫನ್ಸ್ ಹುಟ್ಟಿನಿಂದ ಇಂಗ್ಲಿಷರು. ಅವರ ಕಾಲದಲ್ಲಿ ಕೊಂಕಣಿಯ ಅಚ್ಚಾದ ವ್ಯಾಕರಣವೆಂಬುದಿರಲಿಲ್ಲ; ಜನರ ಬಾಯಿಯಿಂದಲೇ ಆ ಭಾಷೆಯನ್ನು ಕಲಿಯಬೇಕಾಗಿತ್ತು. ಹಾಗೆ ಕಲಿತು, ಹತ್ತು ಸಾವಿರಕ್ಕೂ ಮಿಕ್ಕ ಓವಿಗಳ ಕ್ರಿಸ್ತಪುರಾಣವನ್ನು ಮರಾಠಿಯಲ್ಲಿ ರಚಿಸಿ 1616ರಲ್ಲಿ ಪ್ರಕಟಿಸಿದರು. ಕೊಂಕಣಿಗೆ ಅವರು ಬರೆದ ವ್ಯಾಕರಣ ಅಚ್ಚಾದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ, 1640ರಲ್ಲಿ. ಮೊದಲು ಮಾತು, ಆಮೇಲೆ ವ್ಯಾಕರಣ. ಒಬ್ಬ ಇಂಗ್ಲಿಷರವರು ನಮ್ಮ ಭಾಷೆಯನ್ನು ಕಲಿತ ಕ್ರಮದಲ್ಲಿಯೇ ನಮ್ಮ ಮಕ್ಕಳು ಇಂಗ್ಲಿಷನ್ನು ಕಲಿಯಲೆಂಬುದು ನಮ್ಮ ಆಶಯ.

ಇದರಿಂದ ಕನ್ನಡಕ್ಕೆ ಧಕ್ಕೆಯೆಂದು ಹಿರಿಯರೊಬ್ಬರು ಆತಂಕ ವ್ಯಕ್ತಪಡಿಸಿದರು. ಗೋಕಾಕ್ ಚಳವಳಿಯನ್ನು ಕಣ್ಣಾರೆ ಕಂಡ ತಲೆಮಾರಿನವರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಇದೇ ಜಿಲ್ಲೆಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯಿರೆಂದು ಅವರಿಗೆ ಬುದ್ಧಿ ಹೇಳಿದವರು ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ. ಇಂಗ್ಲಿಷನ್ನು ಬಲ್ಲವರು ಕನ್ನಡವನ್ನು ಕಳೆದುಕೊಳ್ಳಬೇಕಾದ ನಿಯಮವಿಲ್ಲ. ಮನೆಯಲ್ಲಿ ಕನ್ನಡವನ್ನೋ ಕೊಂಕಣಿಯನ್ನೋ ಬಿಟ್ಟು ಅರೆಬೆಂದ ಇಂಗ್ಲಿಷನ್ನು ಮಕ್ಕಳ ಬಾಯಿಗೆ ತುರುಕುವ ತಂದೆತಾಯಿಗಳ ವಿಷಯ ಬೇರೆ. ಅಂಥವರ ಮಕ್ಕಳಿಗೆ ಅಜ್ಜಿಯೊಡನೆ ಆಡಲು ಒಂದು ಮಾತೂ ಉಳಿಯುವುದಿಲ್ಲ. ಈ ತರಗತಿಗೆ ಹೆಸರು ಕೊಟ್ಟವರಲ್ಲಿ ಮೂವರು ಅಜ್ಜಿಯಂದಿರಿದ್ದಾರೆ! ದೂರದೇಶದ ಮೊಮ್ಮಕ್ಕಳೊಡನೆ ದೂರವಾಣಿಯಲ್ಲಿ ಮಾತನಾಡಬೇಕೆಂಬುದು ಅವರ ಬಯಕೆ. ಅವರನ್ನು ನಾವು ಸಂತೋಷದಿಂದ ಸೇರಿಸಿಕೊಂಡೆವು. ಆ ಮೊಮ್ಮಕ್ಕಳಿಗೆ ಕೊಂಕಣಿ ಕಲಿಸುವ ತರಗತಿಯೊಂದನ್ನು ಅಲ್ಲಿಯೂ ಯಾರಾದರೂ ತೆರೆದಾರೆಂದು ಹಾರೈಸುತ್ತೇವೆ.

ಮಾರ್ಕನ ಶುಭಸಂದೇಶದಲ್ಲಿ ಪ್ರಭು ಯೇಸು ಕಿವುಡನೂ ತೊದಲನೂ ಆದವನನ್ನು ಗುಣಪಡಿಸಿದ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಅಲ್ಲಿ ಮೊದಲು ಕಿವಿಗಳು ತೆರೆದವು. ಆಮೇಲೆ ನಾಲಿಗೆಯ ಕಟ್ಟು ಬಿಚ್ಚಿತು. ಅದಕ್ಕೂ ಮುನ್ನ ಪ್ರಭು ಅವನನ್ನು ಜನಜಂಗುಳಿಯಿಂದ ಪಕ್ಕಕ್ಕೆ ಕರೆದೊಯ್ದರೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ನೋಡಿ ನಗುವವರಿಲ್ಲದ ಅಂಥದೊಂದು ಪಕ್ಕದ ಜಾಗವಾಗಿ ಈ ಸಭಾಂಗಣ ಇರಲೆಂದು ಸಮಿತಿಯವರು ಇದನ್ನು ಬಿಟ್ಟುಕೊಟ್ಟಿದ್ದಾರೆ.

ತಂದೆತಾಯಿಗಳಲ್ಲಿ ಒಂದು ಬಿನ್ನಹ. ಮನೆಗೆ ಹೋದೊಡನೆ "ಎಲ್ಲಿ, ಇಂಗ್ಲಿಷಿನಲ್ಲಿ ಮಾತನಾಡು ನೋಡೋಣ" ಎಂದು ನೆಂಟರ ಮುಂದೆ ಮಕ್ಕಳನ್ನು ನಿಲ್ಲಿಸಬೇಡಿರಿ. ಮೊದಲ ಕೆಲವು ವಾರ ಬರಿದೇ ಕೇಳುತ್ತ ಕುಳಿತವರನ್ನು ದಡ್ಡರೆನ್ನಬೇಡಿರಿ.

ಬರುವ ಭಾನುವಾರ ಸಂಜೆ 4 ಗಂಟೆಗೆ ತರಗತಿ ಸೇರುತ್ತದೆ. ಭದ್ರಾವತಿಯವರ ಬಸ್ಸು ತಡವಾದರೆ ಕಾಯುತ್ತೇವೆ. ಅಂದಿನ ಕೆಲಸ ಹೀಗಿದೆ. ಭದ್ರಾವತಿಯಿಂದ ಬರುವವರು ತಮ್ಮ ತಂದೆಯನ್ನೋ ಅಜ್ಜನನ್ನೋ ಕಾರ್ಖಾನೆಯ ಒಂದು ದಿನದ ಕೆಲಸ ಹೇಗಿರುತ್ತಿತ್ತೆಂದು ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಕೇಳಿ ತಿಳಿದುಕೊಂಡು ಬರಲಿ. ಬರೆದುಕೊಂಡು ಬರುವಂತಿಲ್ಲ. ಶಿವಮೊಗ್ಗದವರು ಒಬ್ಬೊಬ್ಬರಾಗಿ ಎದುರು ಕುಳಿತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರೆ: ಎಷ್ಟು ಹೊತ್ತಿಗೆ ಏಳುತ್ತಿದ್ದರು, ಊಟದ ಡಬ್ಬಿಯನ್ನು ಯಾರು ಒಯ್ಯುತ್ತಿದ್ದರು, ಕುಲುಮೆಯ ಬಿಸಿ ಎಷ್ಟು ದೂರಕ್ಕೆ ತಟ್ಟುತ್ತಿತ್ತು. ಅಜ್ಜಿಯಂದಿರು ನಡುನಡುವೆ ಹೂಂಗುಟ್ಟುತ್ತಾರೆ.